ಮೋಹನಸ್ವಾಮಿಯ ಮನೆ

ವಸುಧೇಂದ್ರರ ‘ಮೋಹನಸ್ವಾಮಿ’ ಕಥಾಸಂಕಲನವು 2013ರಲ್ಲಿ ಹೊರಬಂದಾಗ ಅದನ್ನು ಕುರಿತ ಮಾತೆಲ್ಲ ಬಹುಮಟ್ಟಿಗೆ ಲೇಖಕರ ಧೈರ್ಯದ ಸುತ್ತಲೇ ತಿರುಗಿತು. ಅದು ಸಹಜವೇ. ಆ ವರ್ಷದ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ದೆಹಲಿ ಉಚ್ಚ ನ್ಯಾಯಾಲಯದ 2009ರ ತೀರ್ಪನ್ನು ತಳ್ಳಿಹಾಕಿ, ಗಂಡಸರಿಬ್ಬರ ಕೂಟವನ್ನು ಮತ್ತೆ ಅಪರಾಧದ ಸಾಲಿಗೆ ಸೇರಿಸಿತ್ತು. 2018ರ ಸೆಪ್ಟೆಂಬರ್ 6ರಂದು ಆ ಕಳಂಕ ತೊಲಗಿತು. ಕಾನೂನಿನ ಭಯ ಹೋದಮೇಲೆ ಪುಸ್ತಕವೂ ಹಳತಾಗಬೇಕಾಗಿತ್ತಲ್ಲವೆ? ಹಾಗಾಗಿಲ್ಲ. ಈ ಕಥೆಗಳಲ್ಲಿ ಪೋಲೀಸರಿಗಿಂತ ಹೆಚ್ಚು ಅಂಜಿಕೆ ಹುಟ್ಟಿಸುವುದು ಮನೆ.

ಹಲವು ಕಥೆಗಳಿಗೆ ಒಬ್ಬನೇ ನಾಯಕನಿರುವುದರಿಂದ ಇದನ್ನು ಬಿಡಿಬಿಡಿಯಾಗಿ ಬರೆದ ಕಾದಂಬರಿಯೆಂದೇ ಓದಬಹುದು. ಎಲ್ಲ ಹುಡುಗರಿಗೂ ಸುಲಭವಾಗಿ ಒಲಿಯುವ ಸೈಕಲ್ಲು ಬಾಲಕ ಮೋಹನಸ್ವಾಮಿಗೆ ಒಲಿಯುವುದಿಲ್ಲ. ಎಷ್ಟು ಸಣ್ಣ ಸಂಗತಿ! ಆದರೆ ಸುತ್ತಲಿನವರ ನಗೆ ಅವನನ್ನು ಬೆಳೆದ ಮೇಲೂ ಬಿಡುವುದಿಲ್ಲ. ಹೊಡೆತದ ಗಾಯ ಮಾಯುತ್ತದೆ. ಅಡ್ಡಹೆಸರು ಹೇಗೆ ಮಾಯಬೇಕು? ಇಂಥವನನ್ನು ಕರೆಯಲು ನಮ್ಮ ಆಡುನುಡಿಯಲ್ಲಿ ಬೈಗುಳ ಬಿಟ್ಟರೆ ಬೇರೆ ಮಾತೇ ಇಲ್ಲದಿದ್ದಾಗ, ಲೇಖಕರು ಭಾಷಣಕ್ಕಿಳಿಯದೆ ತಿಳಿಯಾದ ಗದ್ಯದಲ್ಲಿ ಅವನ ಸಂಸಾರವನ್ನು ಕಟ್ಟಿಕೊಟ್ಟರು. ಇದು ಧೈರ್ಯಕ್ಕಿಂತ ದೊಡ್ಡ ಕೆಲಸವೆಂದು ನನ್ನ ಎಣಿಕೆ.

ಪ್ರೇಮಕಥೆಯ ರೂಢಿಯ ದಾರಿ ನಮಗೆಲ್ಲ ಗೊತ್ತು: ನೊಂದವನೊಬ್ಬ, ಅವನನ್ನು ಅಪ್ಪಿ ಸಂತೈಸುವವನೊಬ್ಬ, ಕೊನೆಗೆ ಸುಖ. ಇಂಗ್ಲಿಷಿನ ಇ. ಎಂ. ಫಾರ್‌ಸ್ಟರ್ ತನ್ನ ‘ಮಾರಿಸ್’ ಕಾದಂಬರಿಯನ್ನು ಹಟ ಹಿಡಿದೇ ಸುಖಾಂತವಾಗಿಸಿದ. ಆದರೆ 1914ರಲ್ಲಿ ಮುಗಿದ ಆ ಕೃತಿ ಅಚ್ಚಾದುದು 1971ರಲ್ಲಿ, ಆತ ತೀರಿಕೊಂಡ ಮರುವರ್ಷ. ವಸುಧೇಂದ್ರರು ಆ ದಾರಿ ಹಿಡಿಯಲಿಲ್ಲ. ‘ಕಗ್ಗಂಟು’ ಕಥೆಯಲ್ಲಿ ಮೋಹನಸ್ವಾಮಿಯ ಜೊತೆ ಬಾಳಿದ ಕಾರ್ತಿಕ ಹೆಣ್ಣೊಬ್ಬಳನ್ನು ಮದುವೆಯಾಗಲು ಹೊರಡುತ್ತಾನೆ. ಕಾರ್ತಿಕನನ್ನು ಖಳನೆನ್ನುವಂತಿಲ್ಲ, ಅವನು ಲೋಕ ಮೆಚ್ಚುವ ಹಾದಿಯನ್ನು ಹಿಡಿದವನು, ಅಷ್ಟೆ. ಉಳಿದವನ ದುಃಖಕ್ಕೆ ಸಂತಾಪ ಹೇಳುವವರೂ ಇಲ್ಲ. ಸತ್ತರೆ ಸೂತಕವಾದರೂ ಇದೆ. ಇಂಥ ಅಗಲಿಕೆಗೆ ಏನಿದೆ?

ಸಂಕಲನದಲ್ಲಿ ನನ್ನನ್ನು ಬಹಳ ಕಾಡಿದುದು ‘ತಗಣಿ’. ಹೆಣ್ಣಿಗನೆಂದು ಊರು ನಗುವ ಶಂಕರಗೌಡ ಕೊನೆಗೆ ಸ್ವಂತ ಮನೆಯವರ ಕೈಯಲ್ಲೇ ಸಾಯುತ್ತಾನೆ. ನಾನು ಪಾಠ ಹೇಳುವ ಕೊಡಗಿನಲ್ಲಿ ಕೊಡವರು ತಮ್ಮ ಹೆಸರಿಗೆ ಮೊದಲು ಒಕ್ಕದ ಹೆಸರನ್ನು ಹೇಳುತ್ತಾರೆ. ಅದು ಹೆಮ್ಮೆಯ ಮಾತು. ಆದರೆ ಮನೆಯ ಹೆಸರು ಮೊದಲಾದ ಕಡೆಯಲ್ಲೆಲ್ಲ, ಕೊಡಗೇ ಆಗಲಿ ಬಳ್ಳಾರಿಯೇ ಆಗಲಿ, ಅದನ್ನು ಕೆಡಿಸಿದನೆಂಬ ಆರೋಪ ಹೊತ್ತ ಮಗನ ಗತಿ ಏನು ಎಂಬ ಪ್ರಶ್ನೆಯೂ ಇದ್ದೇ ಇರುತ್ತದೆ. ಇದೇ ನಾಡಿನ ಕೊಡಗಿನ ಗೌರಮ್ಮ, 1939ರಲ್ಲಿ 27ರ ಪ್ರಾಯದಲ್ಲೇ ನೀರುಪಾಲಾದ ಆ ಪ್ರತಿಭಾವಂತೆ, ಮರ್ಯಾದಸ್ಥ ಮನೆಗಳೊಳಗೆ ಹೆಣ್ಣು ನಲುಗುವುದನ್ನು ಕುರಿತು ಬರೆದರು. ‘ಅಪರಾಧಿ ಯಾರು?’ ಎಂಬುದು ಆಕೆಯ ಒಂದು ಕಥೆಯ ಹೆಸರು. ಆ ಹೆಸರು ‘ತಗಣಿ’ಗೂ ಸಲ್ಲುತ್ತದೆ.

ಮೆಚ್ಚುಗೆಯ ನಡುವೆ ಒಂದು ತಕರಾರನ್ನೂ ಹೇಳಬೇಕು. ಮೋಹನಸ್ವಾಮಿಗೆ ಕೊನೆಗೆ ನೆಮ್ಮದಿ ಸಿಕ್ಕುವುದು ಆಫ್ರಿಕಾದ ಕಿಲಿಮಂಜಾರೋ ಪರ್ವತವನ್ನೇರುವಾಗ. ವರ್ಣನೆ ಸೊಗಸಾಗಿದೆ, ಪ್ರಿಯನೊಬ್ಬ ಬಂದು ಕಣ್ಣೊರೆಸಲೆಂದು ಕಾಯದೆ ತನ್ನ ಮೈಯೊಡನೆ ತಾನೇ ರಾಜಿಯಾಗುವ ಅವನ ಬಗೆಯೂ ನಂಬುವಂತಿದೆ. ಆದರೂ ಹೊಸ್ತಿಲೊಳಗೆ ಆದ ಗಾಯಕ್ಕೆ ಅಷ್ಟು ದೂರದ ಶಿಖರದಲ್ಲಿ ಮದ್ದು ದೊರೆತದ್ದು ನನಗೆ ತುಸು ಅವಸರವೆನಿಸಿತು. ಎತ್ತರಕ್ಕೇರಿದವನು ಇಳಿದು ಬಂದು ಅಡಿಗೆಮನೆಯಲ್ಲಿ ತನ್ನವರೆದುರು ಕೂತು ಊಟಮಾಡುವ ಕಥೆಯೊಂದು ಬೇಕಾಗಿತ್ತು. ಬರೆಯುವುದು ಅದೇ ಹೆಚ್ಚು ಕಷ್ಟ.

2016ರಲ್ಲಿ ರಶ್ಮಿ ತೇರದಾಳರ ಅನುವಾದದಿಂದ ಇದು ಇಂಗ್ಲಿಷಿಗೂ ಹೋಗಿದೆ. ಕಾಲೇಜಿನ ಹುಡುಗರು ಹೇಗೂ ಓದುತ್ತಾರೆ, ಕದ್ದಾದರೂ ಓದುತ್ತಾರೆ. ನಾನು ಈ ಪುಸ್ತಕವನ್ನು ಶಿಫಾರಸು ಮಾಡುವುದು ಅವರ ತಂದೆತಾಯಿಗಳಿಗೆ. ಅವರು ಮೊದಲು ‘ತಗಣಿ’ಯಿಂದಲೇ ಆರಂಭಿಸಲಿ.