ಓಲ್ಡ್ ನಂಬರ್ ಒನ್ ತೀರ್ಪು ಮತ್ತು ನಂಬರ್ ತಾಳೆಯ ಮೋಹ

ಹಳೆಯ ರೇಸಿಂಗ್ ಕಾರುಗಳ ಹರಾಜಿನ ಕ್ಯಾಟಲಾಗುಗಳಲ್ಲಿ ಬೇರೆ ಯಾವ ಗುಣಕ್ಕೂ ಸಿಗದ ಗೌರವ ನಂಬರ್ ತಾಳೆಗೆ ಸಿಗುತ್ತದೆ. ಚಾಸಿ, ಇಂಜಿನ್, ಗೇರ್‌ಬಾಕ್ಸುಗಳ ಮೇಲೆ ಒತ್ತಿದ ಅಂಕಿಗಳು ಕಾರ್ಖಾನೆಯ ದಾಖಲೆಗೆ ಹೊಂದಿದರೆ ಕಾರು ಅಸಲಿ. ಹೊಂದದಿದ್ದರೆ ಬೆಲೆ ಇಳಿಯುತ್ತದೆ. ಈ ಅಳತೆಗೋಲಿಗೆ ಬಂದಿರುವ ಪ್ರತಿಷ್ಠೆ ಅದರ ಯೋಗ್ಯತೆಯನ್ನು ಮೀರಿದೆ. ಇದಕ್ಕಿಂತ ಉತ್ತಮವಾದ ಅಳತೆಗೋಲೊಂದು 1990ರ ಜುಲೈನಲ್ಲಿ ಇಂಗ್ಲೆಂಡಿನ ನ್ಯಾಯಾಲಯದಲ್ಲೇ ಸಿಕ್ಕಿತ್ತು. ಜಸ್ಟೀಸ್ ಆಟನ್ ಬರೆದ ಆ ತೀರ್ಪನ್ನು ಕಾರುಗಳ ಬಗ್ಗೆ ಬರೆಯುವವರು ಹೆಸರಿಸುತ್ತಾರೆ, ಆದರೆ ಓದುವುದು ಕಡಿಮೆ.

ಅಪರೂಪ, ಅಂದ, ಗೆಲುವು ಎಂಬ ಮಾಮೂಲಿ ವಿವರಣೆಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಜಾಗ್ವಾರ್ ಇ-ಟೈಪ್ 70 ಸಾವಿರಕ್ಕೂ ಮಿಕ್ಕಿ ತಯಾರಾಯಿತು, ಫೆರಾರಿ 250 ಜಿಟಿಒ ಮೂವತ್ತಾರು ಮಾತ್ರ. ಹಾಗಾಗಿ ಇವೆರಡರ ಬೆಲೆಯ ಅಂತರ ಯಾರಿಗೂ ಒಗಟಲ್ಲ. ಆದರೆ ಫೆರಾರಿಯದೇ 250 ಎಲ್‌ಎಂ ಕೂಡ ಮೂವತ್ತೆರಡೇ ತಯಾರಾದವು. ಅವುಗಳಲ್ಲೊಂದು 1965ರ ಲೆ ಮಾನ್ಸ್ ರೇಸನ್ನೇ ಗೆದ್ದಿತು. ಜಿಟಿಒಗೆ ಅಲ್ಲಿ ಎರಡನೇ ಸ್ಥಾನಕ್ಕಿಂತ ಮೇಲೇರಲು ಆಗಲೇ ಇಲ್ಲ. ಆ ಗೆದ್ದ ಎಲ್‌ಎಂ 2025ರಲ್ಲಿ ಪ್ಯಾರಿಸ್ಸಿನಲ್ಲಿ ಸುಮಾರು 3.5 ಕೋಟಿ ಯೂರೋಗೆ ಹೋಯಿತು. ಲೆ ಮಾನ್ಸ್ ಗೆಲ್ಲದ ಜಿಟಿಒ ಒಂದಕ್ಕೆ 2018ರಲ್ಲೇ 4.84 ಕೋಟಿ ಡಾಲರ್ ಬಂದಿತ್ತು. ಗೆಲುವನ್ನೂ ಅಪರೂಪವನ್ನೂ ಕೂಡಿಸಿ ಲೆಕ್ಕ ಹಾಕುವವರು ಇಲ್ಲಿ ನಿರುತ್ತರರಾಗುತ್ತಾರೆ.

ಈಗ ಆ ತೀರ್ಪಿಗೆ ಬರೋಣ. ಬೆಂಟ್ಲಿ ಸ್ಪೀಡ್ ಸಿಕ್ಸ್ ಮಾದರಿಯ ‘ಓಲ್ಡ್ ನಂಬರ್ ಒನ್’ 1929 ಮತ್ತು 1930ರಲ್ಲಿ ಸತತವಾಗಿ ಲೆ ಮಾನ್ಸ್ ಗೆದ್ದ ಕಾರು. ಎರಡೂ ಬಾರಿ ವುಲ್ಫ್ ಬಾರ್ನಾಟೊ ಓಡಿಸಿದ್ದರು, ಮೊದಲ ವರ್ಷ ಬರ್ಕಿನ್ ಜೊತೆ, ಮರುವರ್ಷ ಕಿಡ್‌ಸ್ಟನ್ ಜೊತೆ. ಮುಂದೆ ಅದಕ್ಕೆ ಎಂಟು ಲೀಟರಿನ ಇಂಜಿನ್ ಕೂರಿಸಿದರು. 1932ರಲ್ಲಿ ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕಿನ ಇಳಿಜಾರು ಗೋಡೆಯ ಅಂಚನ್ನು ದಾಟಿ ಕಾರು ಹಾರಿಹೋಯಿತು, ಓಡಿಸುತ್ತಿದ್ದ ಕ್ಲೈವ್ ಡನ್‌ಫೀ ತೀರಿಕೊಂಡರು. ನುಜ್ಜುಗುಜ್ಜಾದ ಕಾರನ್ನು ಮತ್ತೆ ಕಟ್ಟಿ ರಸ್ತೆಗಿಳಿಸಿದರು. 1990ರ ಏಪ್ರಿಲ್‌ನಲ್ಲಿ ಅದರ ಮಾಲೀಕ ಎಡ್ವರ್ಡ್ ಹಬರ್ಡ್ ಮಿಡ್ಲ್‌ಬ್ರಿಜ್ ಸಿಮಿಟಾರ್ ಕಂಪನಿಯೊಂದಿಗೆ ಒಂದು ಕೋಟಿ ಪೌಂಡ್‌ಗೆ ಮಾರಾಟದ ಒಪ್ಪಂದ ಮಾಡಿಕೊಂಡರು. ಆಮೇಲೆ ಕಂಪನಿ ಇದು ಆ ಕಾರೇ ಅಲ್ಲ ಎಂದು ಹಿಂದೆ ಸರಿಯಿತು. ವ್ಯಾಜ್ಯ ಕೋರ್ಟಿಗೆ ಬಂತು.

ಆಟನ್ ಮೊದಲು ಲೋಹದ ಲೆಕ್ಕ ತೆಗೆದರು. 1929ರ ಕಾರಿನದೆಂದು ಖಚಿತವಾಗಿ ತೋರಿಸಬಹುದಾದದ್ದು ಏನೂ ಉಳಿದಿರಲಿಲ್ಲ. 1930ರದ್ದು ಪೆಡಲ್ ಶಾಫ್ಟ್, ಗೇರ್‌ಬಾಕ್ಸಿನ ಕವಚ, ಸ್ಟೀರಿಂಗ್ ಕಾಲಂ, ಅಷ್ಟೇ. ಚಾಸಿ, ಇಂಜಿನ್, ಅಚ್ಚುಗಳೆಲ್ಲ 1932ರ ಕಾಲದವು. ನಂಬರ್ ತಾಳೆಯವರ ಪ್ರಕಾರ ಇಷ್ಟಕ್ಕೆ ಮೊಕದ್ದಮೆ ಮುಗಿಯಬೇಕಿತ್ತು. ಈ ಪಟ್ಟಿಯನ್ನು ಇಷ್ಟು ನಿಷ್ಠುರವಾಗಿ ಬರೆದ ನ್ಯಾಯಾಧೀಶರೇ ತೀರ್ಪನ್ನು ಮಾರಾಟಗಾರನ ಪರ ಕೊಟ್ಟರು. ತೀರ್ಪಿನ ಶಕ್ತಿ ಇರುವುದು ಇಲ್ಲೇ. ಲೋಹ ಉಳಿದಿದೆ ಎಂದು ಅವರು ಎಲ್ಲೂ ನಟಿಸಲಿಲ್ಲ, ಹೋಗಿದೆ ಎಂದು ಮೊದಲೇ ಒಪ್ಪಿಕೊಂಡು ಮುಂದಿನ ಪ್ರಶ್ನೆಗೆ ಹೋದರು.

ಆ ಮುಂದಿನ ಪ್ರಶ್ನೆ ಹೀಗಿದೆ: ಕಾರ್ಖಾನೆಯಿಂದ ಹೊರಬಿದ್ದ ದಿನದಿಂದ ಇಂದಿನವರೆಗೆ ಈ ಕಾರಿನ ಬದುಕಿನಲ್ಲಿ ಎಲ್ಲಾದರೂ ಎಳೆ ಕಡಿದಿದೆಯೇ? ಬದಲಾವಣೆಗಳು ಒಂದೊಂದಾಗಿ, ರೇಸಿನ ಅಗತ್ಯಕ್ಕೆ, ಅದೇ ಕಾರಿನ ಮೇಲೆ ನಡೆದವು. ಅದು ಕಣ್ಮರೆಯಾಗಿ ಎಲ್ಲಿಂದಲೋ ಮರಳಿ ಹುಟ್ಟಿದ್ದಲ್ಲ. ಇದರ ಜೊತೆಗೆ ಆಟನ್ ಇನ್ನೊಂದು ಪರೀಕ್ಷೆಯನ್ನೂ ಇಟ್ಟರು. ಅದು ಇದಕ್ಕಿಂತ ಸೂಕ್ಷ್ಮ, ಇದಕ್ಕಿಂತ ಕಡಿಮೆ ಗಮನ ಪಡೆದದ್ದು. ಓಲ್ಡ್ ನಂಬರ್ ಒನ್ ತಾನೇ ಎಂದು ನ್ಯಾಯವಾಗಿ ಹೇಳಿಕೊಳ್ಳಬಲ್ಲ ಬೇರೊಂದು ಬೆಂಟ್ಲಿ ಜಗತ್ತಿನಲ್ಲಿ ಇದೆಯೇ? ಇಲ್ಲ. ಏಪ್ರಿಲ್‌ನ ಆ ದಿನ ಮಾರಾಟಕ್ಕಿದ್ದದ್ದು ಲೋಹದ ಜೊತೆಗೆ ಕಾರಿನ ಚರಿತ್ರೆ ಮತ್ತು ಹೆಸರು ಕೂಡ ಎಂದು ಅವರು ತೀರ್ಮಾನಿಸಿದರು. ಸಂಗ್ರಹಕಾರರ ಮಾರುಕಟ್ಟೆಯನ್ನು ಇಷ್ಟು ನೇರವಾಗಿ ವಿವರಿಸಿದ ಇನ್ನೊಂದು ಬರಹವನ್ನು ನಾನು ಓದಿಲ್ಲ.

ಒಂದು ಕೊರತೆಯನ್ನೂ ಹೇಳಬೇಕು. ಲೋಹ ಹೋದದ್ದಕ್ಕೆ ಬೆಲೆಯಲ್ಲಿ ಎಷ್ಟು ಕಳೆಯಬೇಕು ಎಂಬುದು ತೀರ್ಪಿನಲ್ಲಿಲ್ಲ. ಒಪ್ಪಂದದ ಬೆಲೆ ಮೊದಲೇ ನಿಗದಿಯಾಗಿತ್ತು, ಕೋರ್ಟು ಹೇಳಬೇಕಿದ್ದದ್ದು ಅದು ಯಾವ ಕಾರು ಎಂಬುದನ್ನಷ್ಟೇ.

ಈ ತೀರ್ಪಿನ ಟೀಕಾಕಾರರು ಥೀಸಿಯಸ್ಸನ ಹಡಗನ್ನು ಎತ್ತಿಕೊಂಡು ಬರುತ್ತಾರೆ. ಎಲ್ಲ ಹಲಗೆ ಬದಲಾದ ಮೇಲೆ ಹಡಗು ಅದೇನಾ ಎಂಬ ಆ ಒಗಟಿನಿಂದ ಲೇಖನ ಶುರುಮಾಡಿ, ಉತ್ತರವಿಲ್ಲ ಎಂದು ಮುಗಿಸುವುದು ರೂಢಿಯಾಗಿಬಿಟ್ಟಿದೆ. ನಮ್ಮ ಊರುಗಳಲ್ಲಿ ಈ ಒಗಟು ಯಾರನ್ನೂ ಕಾಡಿಲ್ಲ. ತೇರಿನ ಗಾಲಿ ಸವೆದರೆ ಹೊಸ ಗಾಲಿ, ಅಚ್ಚು ಮುರಿದರೆ ಹೊಸ ಅಚ್ಚು; ಜಾತ್ರೆಗೆ ಎಳೆಯುವುದು ನಿಲ್ಲುವ ತನಕ ಅದು ಆ ಊರಿನ ತೇರೇ. ರೇಸಿಂಗ್ ಕಾರು ಹುಟ್ಟುವುದೇ ಸವೆಯುವುದಕ್ಕೆ, ಬದಲಾಗುವುದಕ್ಕೆ. ಒಮ್ಮೆಯೂ ಇಂಜಿನ್ ಬದಲಿಸದ ರೇಸಿಂಗ್ ಕಾರು ಹೆಚ್ಚು ಓಡಿರಲಾರದು.

ಇನ್ನೊಂದು ಆಕ್ಷೇಪ ಗಂಭೀರವಾದದ್ದು. ಹೀಗೆ ಒಪ್ಪಿದರೆ ಗುಜರಿಯಿಂದ ಒಂದು ಗೇರ್‌ಬಾಕ್ಸ್ ತಂದು ಸುತ್ತ ಹೊಸ ಕಾರು ಕಟ್ಟಿ ಹಳೆಯ ಹೆಸರಿಡುವವರಿಗೆ ಬಾಗಿಲು ತೆರೆದಂತಲ್ಲವೇ? ಅಲ್ಲ. ಆ ಬಾಗಿಲನ್ನು ತೆರೆದಿಟ್ಟಿರುವುದು ನಂಬರ್ ತಾಳೆಯೇ. ಅಂಕಿ ಒತ್ತುವ ಅಚ್ಚು, ಸುತ್ತಿಗೆ ಇದ್ದರೆ ನಂಬರ್ ಹುಟ್ಟುತ್ತದೆ. 60 ವರ್ಷಗಳ ಮಾಲೀಕರ ಸರಣಿ, ರೇಸಿನ ದಾಖಲೆ, ಕಾಲಕಾಲದ ಫೋಟೋಗಳು ಹಾಗೆ ಹುಟ್ಟುವುದಿಲ್ಲ. 2014ರಲ್ಲಿ ಗುಡ್‌ವುಡ್‌ನಲ್ಲಿ ಕೋಟಿ ಪೌಂಡ್ ದಾಟಿ ಹರಾಜಾದ ಫೆರಾರಿ 375 ಪ್ಲಸ್ ಆಮೇಲೂ ಕೋರ್ಟಿನಲ್ಲಿ ಸಿಕ್ಕಿಕೊಂಡಿತು. ತಕರಾರು ಹುಟ್ಟಿದ್ದು ಹಳೆಯದೊಂದು ಕಳವಿನಿಂದ ತೊಡಕಾದ ಒಡೆತನದ ಸರಣಿಯಲ್ಲಿ.

ಹಳೆಯ ಕಾರುಗಳ ಬೆಲೆಯ ಸೂಚ್ಯಂಕ ತಯಾರಿಸುವವರ ಬಗ್ಗೆಯೂ ಒಂದು ಮಾತು. ಷೇರಿನಂತೆ ಮಾದರಿವಾರು ಏರಿಳಿತ ತೋರಿಸುವ ಅವರ ಗೆರೆಗಳು ಪೇಟೆಯ ಬಿಸಿಯನ್ನು ಹೇಳಬಲ್ಲವು. 1988ರಲ್ಲಿ ಎಂಜೊ ಫೆರಾರಿ ತೀರಿಕೊಂಡ ನಂತರದ ಏರಿಕೆ, 1990ರ ನಂತರದ ಕುಸಿತ, ಎರಡನ್ನೂ ಅಂಥ ಗೆರೆಯಲ್ಲಿ ಕಾಣಬಹುದು. ಆದರೆ ಹರಾಜಿನಲ್ಲಿ ಕೈ ಎತ್ತುವವನು ಸರಾಸರಿ ಜಿಟಿಒವನ್ನು ಕೊಳ್ಳುವುದಿಲ್ಲ. 3851 ಎಂಬ ಚಾಸಿಯನ್ನೇ ಕೊಳ್ಳುತ್ತಾನೆ. 1962ರಲ್ಲಿ ಮೋನ್‌ಲೆರಿ ಟ್ರ್ಯಾಕಿನಲ್ಲಿ ಒಲಿಂಪಿಕ್ ಸ್ಕೀ ಚಾಂಪಿಯನ್ ಹೆನ್ರಿ ಒರೇಯೆ ಸತ್ತದ್ದು ಆ ಕಾರಿನಲ್ಲೇ. ಅದನ್ನು ರಿಪೇರಿ ಮಾಡಿ ಮತ್ತೆ ರೇಸಿಗಿಳಿಸಿದರು. 1965ರಲ್ಲಿ ಕೊಂಡ ಫಾಬ್ರಿಟ್ಸಿಯೊ ವಿಯೊಲಾಟಿ 2010ರಲ್ಲಿ ಸಾಯುವವರೆಗೂ ಕೈಬಿಡಲಿಲ್ಲ. 2014ರಲ್ಲಿ ಅದಕ್ಕೆ ಬಂದದ್ದು 3.8 ಕೋಟಿ ಡಾಲರ್. ಪುಡಿಯಾದ ಲೋಹಕ್ಕಾಗಿ ಯಾರೂ ಬೆಲೆ ಮುರಿಯಲಿಲ್ಲ, ಕಡಿಯದ ಎಳೆಗೆ ಹಣ ಕೊಟ್ಟರು. 2018ರ ಆ 4.84 ಕೋಟಿಯ ಕಾರೂ 1962ರ ಮೈಯಲ್ಲಿ ಇರಲಿಲ್ಲ. 1964ರಲ್ಲಿ ಬಾಡಿ ಕಟ್ಟುವ ಸ್ಕಾಲಿಯೆಟ್ಟಿ ಕಂಪನಿ ಅದಕ್ಕೆ ಹೊಸ ಬಾಡಿ ಕಟ್ಟಿತ್ತು. ಇಂಜಿನ್ ಮಾತ್ರ ಮೂಲದ್ದೇ ಎಂದು ತಾಳೆಯವರು ನೆನಪಿಸುತ್ತಾರೆ, ಒಪ್ಪುತ್ತೇನೆ. ಹಾಗಿದ್ದರೆ ಮೈಗೆ ಒಂದು ನ್ಯಾಯ, ಇಂಜಿನ್ನಿಗೆ ಇನ್ನೊಂದು ನ್ಯಾಯ ಯಾಕೆ?

2022ರಲ್ಲಿ 13.5 ಕೋಟಿ ಯೂರೋ ತಂದ ಮರ್ಸಿಡಿಸ್ 300 ಎಸ್‌ಎಲ್‌ಆರ್ ಊಲೆನ್‌ಹೌಟ್ ಕೂಪೆ ಒಂದು ರೇಸೂ ಓಡಿರಲಿಲ್ಲ. ಕಟ್ಟಿದವರ ಮನೆಯಿಂದ ಹೊರಗೆ ಅದರ ಒಡೆತನ ಒಮ್ಮೆಯೂ ಹೋಗಿರಲಿಲ್ಲ. ಕಡಿಯದ ಎಳೆಗೆ ಇದಕ್ಕಿಂತ ಶುದ್ಧ ಉದಾಹರಣೆ ಸಿಗದು.

ನನ್ನನ್ನು ನಿಜವಾಗಿ ಕಳವಳಗೊಳಿಸುವುದು ಬೆಲೆಗಿಂತ ಹೆಚ್ಚಾಗಿ ನಂಬರ್ ತಾಳೆಯ ಮೋಹದಿಂದ ನಡೆಯುವ ನಾಶ. ಕಾರ್ಖಾನೆಯಿಂದ ಬಂದ ದಿನದ ಸ್ಥಿತಿಯೇ ಶ್ರೇಷ್ಠ ಎಂದಾದರೆ, ಆಮೇಲಿನ ಬದುಕೆಲ್ಲ ಕೆರೆದು ತೆಗೆಯಬೇಕಾದ ಕಲೆಯಾಗುತ್ತದೆ. ಅಸಲಿತನದ ಪ್ರಮಾಣಪತ್ರ ಕೊಡುವ ಕಾರು ಕಂಪನಿಗಳ ವಿಭಾಗಗಳು ಇದನ್ನೇ ಪ್ರೋತ್ಸಾಹಿಸುತ್ತವೆ. ಈ ನಾಶದಿಂದ ತಪ್ಪಿಸಿಕೊಂಡ ಒಂದು ಕಾರನ್ನು ನೋಡಿ. ಎಂಜೊ ಫೆರಾರಿ ಜಿಟಿಒ ಮಾರಲು ನಿರಾಕರಿಸಿದಾಗ ರೇಸ್ ತಂಡದ ಒಡೆಯ ಕೌಂಟ್ ವೋಲ್ಪಿ ತನ್ನ ಬಳಿಯಿದ್ದ ಫೆರಾರಿ 250 ಜಿಟಿ ಎಸ್‌ಡಬ್ಲ್ಯುಬಿಯನ್ನು ಮಾರ್ಪಡಿಸಲು ಇಂಜಿನಿಯರ್ ಬಿಟ್ಸಾರಿನಿ ಕೈಗೆ ಕೊಟ್ಟರು. ಹಿಂಭಾಗ ಕಡಿದಾಗಿ ಕತ್ತರಿಸಿದಂತಿದ್ದ ಆ ಕಾರನ್ನು ಜನ ‘ಬ್ರೆಡ್‌ವ್ಯಾನ್’ ಎಂದು ಕರೆದರು. 1962ರ ಲೆ ಮಾನ್ಸ್‌ನಲ್ಲಿ ಕೆಡುವ ಮೊದಲು ಅದು ಜಿಟಿಒಗಳಿಗಿಂತ ಮುಂದಿತ್ತು. ನಂಬರ್ ತಾಳೆಯ ತತ್ವವನ್ನು ಕಟ್ಟುನಿಟ್ಟಾಗಿ ಪಾಲಿಸಿದ್ದರೆ ಆ ಮೈಯನ್ನು ಕಿತ್ತೆಸೆದು, ಅದೇ ಚಾಸಿಯ ಮೇಲೆ ಫೆರಾರಿಯ ಸೊಗಸಾದ ಮೂಲ ಆಕಾರವನ್ನು ಹೊಸ ಅಲ್ಯೂಮಿನಿಯಮ್ಮಿನಲ್ಲಿ ಬಡಿದು ಕೂರಿಸಬೇಕಿತ್ತು. ಸಂಗ್ರಹಕಾರರು ಹಾಗೆ ಮಾಡಲಿಲ್ಲ. ಬ್ರೆಡ್‌ವ್ಯಾನ್ ಈಗಲೂ ಅದೇ ಮೈಯಲ್ಲಿ ರೇಸಿಗಿಳಿಯುತ್ತದೆ.