ನಂಬರ್ ಇರೋ ಬಂದೂಕು, ನಂಬರ್ ಇಲ್ಲದ ಲಾಂಗ್

'ಕೆಜಿಎಫ್ ಚಾಪ್ಟರ್ 2' (2022) ನೋಡುವಾಗ ಥಿಯೇಟರ್ ಎದ್ದು ನಿಂತಿದ್ದು 'ದೊಡ್ಡಮ್ಮ'ನಿಗೆ. ಜಪ್ತಿಯಾದ ಒಂದು ಚಿನ್ನದ ಗಟ್ಟಿಗಾಗಿ ರಾಕಿ ಪೊಲೀಸ್ ಠಾಣೆಯ ಎದುರು ಬಂದು, ದೊಡ್ಡಮ್ಮ ಅಂತ ಹೆಸರಿಟ್ಟ ಮೆಷಿನ್ ಗನ್ನಿನಿಂದ ಇಡೀ ಠಾಣೆಯನ್ನ ಜರಡಿ ಮಾಡ್ತಾನೆ. ಆಮೇಲೆ ಕೆಂಪಗೆ ಕಾದ ನಳಿಕೆಗೆ ಸಿಗರೇಟು ತಾಗಿಸಿ ಹೊತ್ತಿಸಿಕೊಳ್ತಾನೆ. ಆ ದೃಶ್ಯದ ಬಗ್ಗೆ ಆಮೇಲೆ ಬಂದ ಮಾತೆಲ್ಲ ಗನ್ನಿನ ಸುತ್ತವೇ ಇತ್ತು. ನನಗೆ ಕುತೂಹಲ ಇರೋದು ಎದುರುಗಡೆಯ ಕಟ್ಟಡದ ಬಗ್ಗೆ. ಠಾಣೆ ಪುಡಿಯಾದರೆ ಜನಕ್ಕೆ ಯಾಕಷ್ಟು ಖುಷಿ? ಶಿಳ್ಳೆ ಹೊಡೆದವರಲ್ಲಿ ಚಿನ್ನದ ಕಳ್ಳಸಾಗಣೆದಾರರಂತೂ ಇರಲಿಲ್ಲ.

ನಮ್ಮ ರೌಡಿ ಸಿನಿಮಾಗಳನ್ನ ಈ ಪ್ರಶ್ನೆ ಇಟ್ಟುಕೊಂಡು ಇನ್ನೊಮ್ಮೆ ನೋಡಬೇಕು ಅನ್ನಿಸಿದ್ದು ಆಫೀಸಿನ ಊಟದ ಟೇಬಲ್ಲಿನಿಂದ. ದೊಡ್ಡ ಕೊಲೆ ಸುದ್ದಿ ಬಂದಾಗೆಲ್ಲ ಅಲ್ಲಿ ಒಂದೇ ಚರ್ಚೆ: "ಇಲ್ಲೂ ಅಮೆರಿಕದ ಥರ ಗನ್ ಇಟ್ಕೊಳ್ಳೋಕೆ ಬಿಡಬೇಕು ಗುರು." ಡಲ್ಲಾಸಿಗೆ ಆನ್‌ಸೈಟ್ ಹೋಗಿ ಬಂದವನ ದನಿ ಒಂಚೂರು ಜೋರು. ವಾಲ್‌ಮಾರ್ಟಿನಲ್ಲಿ ತರಕಾರಿ ತಗೊಂಡು ಬರುವಾಗ ಬಂದೂಕಿನ ಕೌಂಟರ್ ಕಂಡವನು ಅವನು. ಇದೇ ಜನ ವೀಕೆಂಡಿಗೆ ದಾಂಡೇಲಿ ಬುಕ್ ಮಾಡಿಕೊಂಡು ಬಂದು, ರಾತ್ರಿ ಹೊತ್ತು ಅಲ್ಲಿ ಸೇಫಾ ಅಂತ ನನ್ನನ್ನ ಕೇಳ್ತಾರೆ. ಸೇಫ್. ಕಾಳಿ ನದಿಯ ಮೊಸಳೆ ಜೊತೆ ಸೆಲ್ಫಿ ತಗೊಳ್ಳೋಕೆ ಹೋಗದಿದ್ದರೆ ಆಯ್ತು.

ನಾನು ಹಳಿಯಾಳ ತಾಲೂಕಿನ ಹಳ್ಳಿಯವನು. ನಮ್ಮನೇಲಿ ಬಂದೂಕು ಇದೆ. ಅಜ್ಜನ ಕಾಲದ ಒಂಟಿ ನಳಿಕೆಯದು. ಬಾಯಿಂದ ಮದ್ದು, ಚರೆ ತುಂಬಿ, ಗಜ ಹಾಕಿ ಜಡಿದು, ಕೇಪು ಇಟ್ಟು ಹೊಡೀಬೇಕು. ಒಂದು ಈಡು ಹೊಡೆದು ಇನ್ನೊಂದಕ್ಕೆ ತಯಾರಾಗುವಷ್ಟರಲ್ಲಿ ಹಂದಿ ಹಿಂಡು ಪಕ್ಕದವರ ಕಬ್ಬಿಗೆ ನುಗ್ಗಿ ಆಗಿರ್ತದೆ. ಭತ್ತ ತೆನೆಗಟ್ಟೋ ಹೊತ್ತಿಗೆ ದಾಂಡೇಲಿ ಕಾಡಿನ ಆನೆ ಹಳಿಯಾಳ, ಮುಂಡಗೋಡ ಕಡೆ ಇಳಿಯೋದು ವರ್ಷಾ ಇದ್ದದ್ದೇ. ಆನೆಗಾಗಲಿ ಕಾಡೆಮ್ಮೆಗಾಗಲಿ ಹೊಡೆಯೋ ಮಾತೇ ಇಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಹಾಗಾಗಿ ಬಂದೂಕಿನ ಕೆಲಸ ಸಪ್ಪಳ ಮಾಡೋದಷ್ಟೇ. ಅಪ್ಪ ಹೇಳೋದು ಇಷ್ಟು: "ಬಂದೂಕಕ್ಕ ಯಾವ ಪ್ರಾಣಿನೂ ಅಂಜೂದಿಲ್ಲೋ ತಮ್ಮಾ, ಸಪ್ಪಳಕ್ಕ ಅಂಜ್ತಾವ. ಅದೂ ಎರಡ ದಿನ." ಜೋಯಿಡಾ ಕಡೆ ಗದ್ದೆಯಲ್ಲಿ ಮಾಳ ಕಟ್ಟಿಕೊಂಡು ರಾತ್ರಿಯಿಡೀ ಡಬ್ಬ ಬಡಿಯೋರು ಮಾಡೋದೂ ಇದನ್ನೇ, ಲೈಸೆನ್ಸ್ ಇಲ್ಲದೆ.

ಆ ಬಂದೂಕಿಗೆ ಒಂದು ನಂಬರ್ ಇದೆ. ನಂಬರಿಗೊಂದು ಲೈಸೆನ್ಸ್ ಪುಸ್ತಕ ಇದೆ. ನಮ್ಮೂರಲ್ಲಿ ಸರ್ಕಾರ ಇಷ್ಟು ಕಾಳಜಿಯಿಂದ ಲೆಕ್ಕ ಇಟ್ಟ ಇನ್ನೊಂದು ವಸ್ತು ನಾನು ನೋಡಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಸೆಕ್ಷನ್ನಿನಲ್ಲಿ, ನಿಜವಾದ ಬೆಳೆ ರಕ್ಷಣೆಗೆ ಬೇಕಾದ, ಬಾಯಿಂದ ಮದ್ದು ತುಂಬುವ ಬಂದೂಕಿನ ಪ್ರಸ್ತಾಪವೇ ಇದೆ. ನಿನ್ನ ಬಂದೂಕು ಪಾರ್ಲಿಮೆಂಟಿನ ಕಾಯ್ದೆಯೊಳಗೆ ಬರ್ತದೆ ಅಂದರೆ ಅಪ್ಪ ನಂಬಲೇ ಇಲ್ಲ. ಪಿಸ್ತೂಲು ಬೇಕು ಅನ್ನುವವನದ್ದು ಬೇರೆ ದಾರಿ: ತನಗೆ ತಕ್ಕ ಕಾರಣ ಇದೆ ಅಂತ ಅಧಿಕಾರಿಗೆ ಮನವರಿಕೆ ಮಾಡಿಕೊಡಬೇಕು. ಜಿಲ್ಲೆಯಲ್ಲಿ ಜಿಲ್ಲಾಧಿಕಾರಿ, ಬೆಂಗಳೂರಿನಲ್ಲಿ ಪೊಲೀಸ್ ಕಮಿಷನರ್. ಅದಕ್ಕೂ ಮುಂಚೆ ಪೊಲೀಸ್ ವರದಿ. 2019ರ ತಿದ್ದುಪಡಿ ಒಬ್ಬನ ಹತ್ತಿರ ಇರಬಹುದಾದ ಬಂದೂಕುಗಳನ್ನ 3ರಿಂದ 2ಕ್ಕೆ ಇಳಿಸಿತು, ಲೈಸೆನ್ಸ್ ಅವಧಿಯನ್ನ 3 ವರ್ಷದಿಂದ 5ಕ್ಕೆ ಏರಿಸಿತು. ಮದುವೆ ಮೆರವಣಿಗೆಯಲ್ಲಿ ಖುಷಿಗೆ ಅಂತ ಅಜಾಗರೂಕವಾಗಿ ಗುಂಡು ಹಾರಿಸಿದರೆ 2 ವರ್ಷದವರೆಗೆ ಜೈಲು ಅಂತಲೂ ಸೇರಿಸಿತು. ಚುನಾವಣೆ ಬಂದರೆ ಬಂದೂಕನ್ನ ಠಾಣೆಗೆ ಒಪ್ಪಿಸಬೇಕು. ಯಾರದ್ದು ಒಪ್ಪಿಸಿಕೊಳ್ಳಬೇಕು, ಯಾರದ್ದು ಬೇಡ ಅಂತ ಪರಿಶೀಲಿಸೋಕೆ ಸ್ಕ್ರೀನಿಂಗ್ ಸಮಿತಿ ಇರಬೇಕು ಅಂತ ಚುನಾವಣಾ ಆಯೋಗದ ಸೂಚನೆಯೇ ಇದೆ. ಅಪ್ಪನಿಗೆ ಸಮಿತಿ ಗೊತ್ತಿಲ್ಲ, ಗೋಣಿಚೀಲ ಗೊತ್ತು. ಅದರಲ್ಲಿ ಸುತ್ತಿಕೊಂಡು ಬಸ್ ಹತ್ತಿ, ಕೊಟ್ಟು, ರಸೀದಿ ತಗೊಂಡು ಬರ್ತಾನೆ. ಓಟು ಎಣಿಸಿ ಮುಗಿಯೋವರೆಗೆ ಹಂದಿಗೆ ಹಬ್ಬ.

ಇದೇ ಕಾಯ್ದೆ 'ಆಯುಧ' ಅಂದರೆ ಏನು ಅಂತ ಹೇಳುವಾಗ ಮನೆಬಳಕೆಗೆ, ಬೇಸಾಯಕ್ಕೆ ಅಂತಲೇ ಮಾಡಿದ ವಸ್ತುಗಳನ್ನ ಹೊರಗಿಟ್ಟಿದೆ. ಹೊರಗಿಡದೆ ಬೇರೆ ದಾರಿಯೂ ಇಲ್ಲ, ಈಳಿಗೆಮಣೆಗೆಲ್ಲ ಲೈಸೆನ್ಸ್ ಕೊಡೋಕಾಗ್ತದಾ? ನಮ್ಮ ಕಡೆ ಕಬ್ಬು ಕಡಿಯೋ ಕೊಯ್ತಾ ಮನೆಮನೆಯ ಗೋಡೆಗೆ ನೇತಾಡ್ತಿರ್ತದೆ. ಅದರ ದೂರದ ಬೀಗ ಬೆಂಗಳೂರಿಗೆ ಹೋಗಿ 'ಲಾಂಗ್' ಆದ. ಕೊಲ್ಲೋಕೆ ಅಂತಲೇ ಉದ್ದ ಮಾಡಿಸಿಕೊಂಡ ಲಾಂಗ್ ಕಾನೂನಿನ ಕಣ್ಣಲ್ಲಿ ಆಯುಧವೇ. ಆದರೆ ಕುಲುಮೆಯಲ್ಲಿ ಬಡಿಸಿಕೊಂಡು, ಬೆನ್ನ ಹಿಂದೆ ಶರ್ಟಿನೊಳಗೆ ಇಟ್ಟುಕೊಂಡ ಆ ವಸ್ತುವಿಗೆ ನಂಬರ್ ಹೊಡೆದವರು ಯಾರು?

ಕನ್ನಡ ಸಿನಿಮಾ ಮೊದಲು ಪ್ರೀತಿಸಿದ್ದು ಈ ಲಾಂಗನ್ನೇ. ಉಪೇಂದ್ರರ 'ಓಂ' (1995) ನಿಜವಾದ ಭೂಗತ ಲೋಕದ ಮುಖಗಳನ್ನೇ ತೆರೆಗೆ ತಂದಿತು. ಆಮೇಲೆ ಹತ್ತು ವರ್ಷ ಬಂದ ಅದರ ನಕಲುಗಳಲ್ಲಿ ಉಳಿದದ್ದು ಉದ್ದನೆಯ ಕಬ್ಬಿಣ ಮಾತ್ರ. 'ಜೋಗಿ'ಯಲ್ಲಿ (2005) ಹಳ್ಳಿಯ ಮುಗ್ಧ ಮಗ ಬೆಂಗಳೂರಿಗೆ ಬಂದು ಲಾಂಗ್ ಹಿಡೀತಾನೆ, ಅಮ್ಮ ಹುಡುಕಿಕೊಂಡು ಬರ್ತಾಳೆ. ನಮ್ಮಂಥ ಹಳ್ಳಿ ಹುಡುಗರಿಗೆ ಅದು ಯಾಕೆ ತಾಗಿತು ಅಂತ ಬಿಡಿಸಿ ಹೇಳಬೇಕಿಲ್ಲ. ಆದರೆ ಆ ಸಿನಿಮಾದ ಕಣ್ಣೀರು ಪೂರ್ತಿ ಕೊಲ್ಲುವವನ ಮನೆಗೇ ಖರ್ಚಾಗಿ ಹೋಗ್ತದೆ. ಸತ್ತವನಿಗೂ ಒಬ್ಬ ಅಮ್ಮ ಇದ್ದಳಲ್ಲ, ಅವಳ ಕಡೆಗೆ ಕ್ಯಾಮೆರಾ ತಿರುಗಲ್ಲ.

ಈ ಗುಂಪಿನಲ್ಲಿ ನನಗೆ ಬೇರೆಯಾಗಿ ಕಂಡದ್ದು ಕೆ.ಎಂ. ಚೈತನ್ಯರ 'ಆ ದಿನಗಳು' (2007). ಅಗ್ನಿ ಶ್ರೀಧರ್ ಅವರ 'ದಾದಾಗಿರಿಯ ದಿನಗಳು' ಆಧರಿಸಿದ್ದು. ಚಿತ್ರಕಥೆಯಲ್ಲಿ ಶ್ರೀಧರ್ ಜೊತೆ ಗಿರೀಶ್ ಕಾರ್ನಾಡರೂ ಇದ್ದರು. ಅದರಲ್ಲಿ ಹೊಡೆದಾಟಕ್ಕಿಂತ ಕಾಯೋದೇ ಜಾಸ್ತಿ. ಮುಖ್ಯವಾಗಿ, ಅದು ಶುರುವಾಗೋದು ಒಂದು ಪ್ರೇಮ ಪ್ರಕರಣದಿಂದ. ಪ್ರೇಮಿಗಳನ್ನ ಬೇರೆ ಮಾಡಬೇಕು ಅಂತ ಅನುಕೂಲಸ್ಥ ಅಪ್ಪನೊಬ್ಬ ಕೊತ್ವಾಲನ ಹತ್ತಿರ ಹೋಗ್ತಾನೆ. ಅಂದರೆ ರೌಡಿ ನಮ್ಮ ಬಾಗಿಲಿಗೆ ತಾನಾಗಿ ಬರಲ್ಲ, ಮರ್ಯಾದಸ್ಥರೇ ಕರೀತಾರೆ. ಮೂವತ್ತು ವರ್ಷದ ರೌಡಿ ಸಿನಿಮಾಗಳಲ್ಲಿ ಇದಕ್ಕಿಂತ ದೊಡ್ಡ ಸತ್ಯ ಹೇಳಿದ್ದು ಇನ್ನೊಂದಿಲ್ಲ ಅಂತ ನನ್ನ ಲೆಕ್ಕ. ನಿಜದ ಬೆಂಗಳೂರಿನಲ್ಲಿ ಎಂ.ಪಿ. ಜಯರಾಜ್ 1989ರಲ್ಲಿ ಗುಂಡಿಗೆ ಬಲಿಯಾದಾಗಲೇ ಪಿಸ್ತೂಲು ಭೂಗತ ಲೋಕಕ್ಕೆ ಕಾಲಿಟ್ಟು ಆಗಿತ್ತು. ನಮ್ಮ ಸಿನಿಮಾ ಲಾಂಗ್ ಬಿಟ್ಟು ಮೆಷಿನ್ ಗನ್ನಿಗೆ ಬಂದದ್ದು ತುಂಬ ತಡವಾಗಿ. ಬಂದದ್ದೇ ಠಾಣೆಗೆ ಗುರಿ ಇಟ್ಟಿತು.

ಈಗ ಊಟದ ಟೇಬಲ್ಲಿನ ವಾದಕ್ಕೆ ಬರೋಣ. ಎಲ್ಲರ ಹತ್ತಿರ ಗನ್ ಇದ್ದಿದ್ದರೆ? 2015ರ ಆಗಸ್ಟ್ 30, ಭಾನುವಾರ ಬೆಳಗ್ಗೆ, ಧಾರವಾಡದ ಕಲ್ಯಾಣನಗರದಲ್ಲಿ ಎಂ.ಎಂ. ಕಲಬುರ್ಗಿ ಅವರನ್ನ ಮನೆ ಬಾಗಿಲಲ್ಲೇ ಗುಂಡಿಟ್ಟು ಕೊಂದರು. ಹಳಿಯಾಳದವರಿಗೆ ಧಾರವಾಡ ಅಂದರೆ ಕಾಲೇಜು, ದವಾಖಾನೆ, ಪೇಡೆ. ಒಂದು ತಾಸಿನ ದಾರಿ. ಮೇಷ್ಟರ ಮನೆ ಬಾಗಿಲು ಯಾರು ಬಡಿದರೂ ತೆರೆಯೋ ಊರು ಅದು. ಬಾಗಿಲು ತೆಗೆಯುವಾಗ ಕೈಯಲ್ಲಿ ಪಿಸ್ತೂಲು ಹಿಡಿದಿರಬೇಕಿತ್ತು ಅಂತ ಆ ಊರಿನ ಯಾವ ಮೇಷ್ಟರಿಗೆ ಹೇಳ್ತೀರಿ? 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನ ರಾಜರಾಜೇಶ್ವರಿ ನಗರದಲ್ಲಿ ಗೌರಿ ಲಂಕೇಶ್ ಮನೆ ಮುಂದೆಯೇ ಸತ್ತರು. ಎರಡೂ ಕಡೆ ಸಿಡಿದದ್ದು 7.65 ಎಂ.ಎಂ. ನಾಡ ಪಿಸ್ತೂಲಿನ ಗುಂಡು, ಆಯುಧ ಒಂದೇ ಅಂತ ವಿಧಿವಿಜ್ಞಾನ ವರದಿ ಹೇಳಿತು. 2025ರ ಜನವರಿ 16ರಂದು ಬೀದರಿನಲ್ಲಿ ಹಾಡಹಗಲೇ ಎಟಿಎಮ್ಮಿಗೆ ದುಡ್ಡು ತುಂಬಲು ಬಂದವರ ಮೇಲೆ ಬೈಕಿನಲ್ಲಿ ಬಂದವರು ಗುಂಡು ಹಾರಿಸಿ ಒಬ್ಬರನ್ನ ಕೊಂದು ಪೆಟ್ಟಿಗೆ ಒಯ್ದರು. ನಾಡ ಪಿಸ್ತೂಲು ಯಾವ ಜಿಲ್ಲಾಧಿಕಾರಿಯ ಟೇಬಲ್ ಮೇಲೂ ಹಾದು ಬಂದದ್ದಲ್ಲ, ಯಾವ ಚುನಾವಣೆಗೂ ಗೋಣಿಚೀಲದಲ್ಲಿ ಠಾಣೆಗೆ ಹೋಗೋದಿಲ್ಲ. ಹಾಗಂತ ಲೈಸೆನ್ಸ್ ಸಡಿಲ ಮಾಡಿದರೆ ಆ ಪಿಸ್ತೂಲೇನು ಮಾಯವಾಗಲ್ಲ, ಅದರ ಜೊತೆ ಇನ್ನಷ್ಟು ಸೇರ್ತಾವೆ. ಡಲ್ಲಾಸ್ ಗೆಳೆಯನಿಗೆ ಒಂದು ಲೆಕ್ಕ: ಅಮೆರಿಕದಲ್ಲಿ ಜನರಿಗಿಂತ ಬಂದೂಕು ಜಾಸ್ತಿ. 2018ರ ಸ್ಮಾಲ್ ಆರ್ಮ್ಸ್ ಸರ್ವೆ ಅಂದಾಜಿನ ಪ್ರಕಾರ 100 ಜನಕ್ಕೆ 120. ಅಲ್ಲಿ ಗುಂಡಿನಿಂದ ಸಾಯೋರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಆತ್ಮಹತ್ಯೆ ಮಾಡಿಕೊಂಡವರು. ಕಳ್ಳನಿಗೆ ಅಂತ ತಂದದ್ದು ಮನೆಯವರ ಕಡೆಗೇ ತಿರುಗ್ತದೆ.

ಇನ್ನು ಪಿಸ್ತೂಲಿಲ್ಲದ ಕೊಲೆಗಳು. 2024ರ ಏಪ್ರಿಲಿನಲ್ಲಿ ಹುಬ್ಬಳ್ಳಿಯ ಕಾಲೇಜು ಆವರಣದಲ್ಲಿ ಒಬ್ಬ ವಿದ್ಯಾರ್ಥಿನಿಯನ್ನ ಪರಿಚಯದವನೇ ಚಾಕುವಿನಿಂದ ಇರಿದು ಕೊಂದ. ತಿಂಗಳು ತುಂಬುವುದರೊಳಗೆ, ಮೇ 15ರ ಬೆಳಗಿನ ಜಾವ, ಅದೇ ಊರಿನ ವೀರಾಪುರ ಓಣಿಯಲ್ಲಿ ಇನ್ನೊಬ್ಬ ಹುಡುಗಿಯನ್ನ ಅವಳ ಮನೆಯೊಳಗೇ ಕೊಂದರು. ಅಲ್ಲೂ ಚಾಕು, ಅಲ್ಲೂ ಪರಿಚಯದವನು. ಅವನು ಬೆದರಿಕೆ ಹಾಕ್ತಿದ್ದಾನೆ ಅಂತ ಮೊದಲೇ ಠಾಣೆಗೆ ತಿಳಿಸಿದ್ದೆವು ಅಂತ ಹುಡುಗಿಯ ಅಜ್ಜಿ ಹೇಳಿದರು. ಕೊಲೆಯಾದ ಮೇಲೆ ಇನ್‌ಸ್ಪೆಕ್ಟರ್ ಅಮಾನತಾದರು. ಮುಂಡಗೋಡದಿಂದ ಹುಬ್ಬಳ್ಳಿಗೆ ದಿನಾ ಬಸ್ಸಿನಲ್ಲಿ ಓದೋಕೆ, ಕೆಲಸಕ್ಕೆ ಓಡಾಡೋ ಹುಡುಗಿಯರ ಮನೆಗಳಲ್ಲಿ ಆ ತಿಂಗಳು ಏನು ಮಾತಾಗಿರಬಹುದು ಊಹಿಸಿ. "ಸಾಕು, ಮನೇಲಿರು."

ಕಾನೂನು ಏನು ಹೇಳ್ತದೆ ನೋಡಿ. ಆತ್ಮರಕ್ಷಣೆಯ ಹಕ್ಕು ಎಲ್ಲರಿಗೂ ಇದೆ. ಹಳೆಯ ದಂಡ ಸಂಹಿತೆಯಲ್ಲಿ 96ರಿಂದ 106, 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ 34ರಿಂದ 44ನೇ ಸೆಕ್ಷನ್ನುಗಳು. ಆದರೆ ಅದರೊಳಗೇ ಒಂದು ಷರತ್ತು: ಸರ್ಕಾರಿ ರಕ್ಷಣೆ ಕೇಳಿಕೊಂಡು ಹೋಗೋಕೆ ಸಮಯ ಇದ್ದಾಗ ಈ ಹಕ್ಕು ಇಲ್ಲ. ಸಮಯ ಇದ್ದರೆ ಠಾಣೆಗೆ ಹೋಗು ಅಂತ. ನ್ಯಾಯವಾದ ಮಾತೇ. ಆ ಅಜ್ಜಿ ಮನೆಯವರಿಗೆ ಸಮಯ ಇತ್ತು, ತಿಳಿಸಿದ್ದೆವು ಅನ್ನೋದೇ ಅವರ ಸಂಕಟ. ಬಂದೂಕು ಬೇಡ ಅಂತ ನಾಗರಿಕನ ಕೈಯಿಂದ ಇಸಿದುಕೊಂಡ ರಾಜ್ಯ ಅದರ ಬದಲಿಗೆ ಕೊಟ್ಟ ಮಾತು ಠಾಣೆಯ ಟೇಬಲ್ ಮೇಲಿನ ಆ ರಜಿಸ್ಟರಿನಲ್ಲಿದೆ. ಅಪ್ಪನ ಹಳೇ ಕಬ್ಬಿಣಕ್ಕೆ ರಸೀದಿ ಕೊಡುವಷ್ಟು ಚುರುಕು ಒಬ್ಬ ಹುಡುಗಿಯ ಭಯಕ್ಕೆ ರಸೀದಿ ಕೊಡುವಾಗ ಕಾಣಲ್ಲ.

ದೊಡ್ಡಮ್ಮನಿಗೆ ಬಿದ್ದ ಶಿಳ್ಳೆ ಇಲ್ಲಿಂದ ಬಂದದ್ದು ಅಂತ ನನಗನಿಸ್ತದೆ. ಆ ಬೆಂಚಿನ ಮೇಲೆ ಕೂತು "ಸಾಹೇಬ್ರು ರೌಂಡ್ಸಿಗೆ ಹೋಗ್ಯಾರ, ನಾಳೆ ಬರ್ರಿ" ಅಂತ ಕೇಳಿಸಿಕೊಂಡವರ ಸಿಟ್ಟು ಅದು. ಸಿನಿಮಾ ಆ ಸಿಟ್ಟನ್ನ ಸರಿಯಾಗಿ ಹಿಡಿದಿದೆ, ಅದರಲ್ಲಿ ನನಗೆ ತಕರಾರಿಲ್ಲ. ತಕರಾರಿರೋದು ಅದನ್ನ ಖರ್ಚು ಮಾಡಿದ ರೀತಿಗೆ. ಗೋಡೆ ಬಿತ್ತು, ಚಿನ್ನದ ಗಟ್ಟಿ ರಾಕಿಗೆ ವಾಪಸ್ ಹೋಯ್ತು, ಬೆಂಚಿನ ಮೇಲೆ ಕೂತವರು ಫ್ರೇಮಿನಲ್ಲೇ ಇಲ್ಲ. ರಾಜ್ ಬಿ. ಶೆಟ್ಟಿಯವರ 'ಗರುಡ ಗಮನ ವೃಷಭ ವಾಹನ' (2021) ಇದಕ್ಕಿಂತ ಹತ್ತಿರ ಬರ್ತದೆ. ಅದರ ಇನ್‌ಸ್ಪೆಕ್ಟರ್ ಬ್ರಹ್ಮಯ್ಯ ಹೆದರಿದ ಮನುಷ್ಯ. ಮೇಲೆ ಶಾಸಕ, ಕೆಳಗೆ ಮಂಗಳಾದೇವಿಯ ಬೀದಿ, ನಡುವೆ ಅವನ ಒಣಗಿದ ಗಂಟಲು. ಠಾಣೆ ಒಳಗಿನಿಂದ ಹೇಗೆ ಕುಸೀತದೆ ಅಂತ ಗೋಪಾಲಕೃಷ್ಣ ದೇಶಪಾಂಡೆ ಒಂದು ಗುಂಡೂ ಹಾರಿಸದೆ ಕಣ್ಣಲ್ಲೇ ತೋರಿಸಿದ್ದಾರೆ. ಆದರೂ ಆ ಸಿನಿಮಾದಿಂದ ರೀಲ್ಸ್ ಆದದ್ದು ಕೊಲೆ ಮುಗಿಸಿ ಬಂದ ಶಿವನ ಕುಣಿತವೇ ಹೊರತು ಬ್ರಹ್ಮಯ್ಯ ಅಲ್ಲ.

ಕಳೆದ ವರ್ಷ ನಮ್ಮ ಟೀಮಿನ ಹುಡುಗಿಯೊಬ್ಬಳಿಗೆ ಹಳೆಯ ಕ್ಲಾಸ್‌ಮೇಟ್ ಒಬ್ಬ ಬೆನ್ನು ಬಿದ್ದಿದ್ದ. ಪಿಜಿ ಮುಂದೆ ನಿಲ್ಲೋದು, ದಿನಕ್ಕೊಂದು ಹೊಸ ನಂಬರಿನಿಂದ ಮೆಸೇಜು. ಊಟದ ಟೇಬಲ್ ಪೆಪ್ಪರ್ ಸ್ಪ್ರೇಯಿಂದ ಹಿಡಿದು ಪಿಸ್ತೂಲಿನವರೆಗೆ ಸಲಹೆ ಕೊಟ್ಟಿತು. ಅವಳು ಎಲ್ಲ ಮೆಸೇಜು ಪ್ರಿಂಟ್ ತೆಗೆಸಿ, ತಾರೀಖು ಬರೆದು, ನಮ್ಮಿಬ್ಬರನ್ನ ಜೊತೆಗೆ ಕರಕೊಂಡು ಠಾಣೆಗೆ ಹೋದಳು. "ಕರೆಸಿ ಬುದ್ಧಿ ಹೇಳ್ತೀವಿ, ನೀವು ಹೋಗಿಮ್ಮಾ" ಅಂದರು. ಅವಳು ಹೋಗಲಿಲ್ಲ. ಹಿಂಬಾಲಿಸೋದು 2013ರಿಂದಲೇ ಅಪರಾಧ, ದೂರು ತಗೊಳ್ಳದಿದ್ದರೆ ಹಿರಿಯ ಅಧಿಕಾರಿಗೆ ಬರವಣಿಗೆಯಲ್ಲಿ ಕಳಿಸಬಹುದು ಅಂತ ಹೊಸ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ನಿನಲ್ಲಿದೆ ಅಂತ ಮೆಲ್ಲಗೆ ಹೇಳಿ, ಬೆಂಚಿನ ಮೇಲೆ ಕೂತೇ ಇದ್ದಳು. ಒಂದೂವರೆ ಗಂಟೆ ಆಯ್ತು. ಎರಡು ಸಲ ಚಹಾದ ಹುಡುಗ ಬಂದು ಹೋದ. ಕೊನೆಗೆ ರೈಟರ್ ಕನ್ನಡಕ ಹಾಕಿಕೊಂಡು ಪ್ರಿಂಟುಗಳನ್ನ ಒಂದೊಂದಾಗಿ ಓದಿದರು. ಓದ್ತಾ ಓದ್ತಾ ಅವರ ಮುಖ ಬದಲಾಯ್ತು. ರಜಿಸ್ಟರ್ ಎಳೆದುಕೊಂಡು ಬರೆದು, ಸೀಲು ಒತ್ತಿ ಒಂದು ಚೀಟಿ ಕೊಟ್ಟರು. ಅದರ ಮೇಲೆ ನೀಲಿ ಶಾಯಿಯಲ್ಲಿ ಒಂದು ನಂಬರ್ ಇತ್ತು.