ಗೋಡೆಯ ಮೇಲಿನ ಪಾಠಾಂತರ

ಕಳೆದ ಬೇಸಗೆಯ ರಜೆಯಲ್ಲಿ ಇಂಡಿ ತಾಲೂಕಿನ ತಾಂಬಾಕ್ಕೆ, ಸೋದರಮಾವನವರ ಮನೆಗೆ ಹೋಗಿದ್ದೆ. ಪಡಸಾಲೆಯ ಗೋಡೆಗೆ ಹೊಸದೊಂದು ಚಿತ್ರ ಬಂದಿತ್ತು. ಎರಡು ಮೊಳದ ಬಟ್ಟೆಯ ಮೇಲೆ ಕೈಯಿಂದಲೇ ಬರೆದ ಪೊಲ್ಲಿಲೂರಿನ ಯುದ್ಧ. ಮಗ ಮೈಸೂರಿನಿಂದ ತಂದದ್ದಂತೆ. ನೆರೆಮನೆಯ ಹಿರಿಯರೊಬ್ಬರು ಕನ್ನಡಕ ಸರಿಪಡಿಸಿಕೊಂಡು ಬಹಳ ಹೊತ್ತು ನೋಡಿ, “ಛಲೋ ಅದ. ಆದ್ರ ಇದು ನಕಲಲ್ಲೇನ್ರಿ?” ಎಂದರು. ಮಾವನವರ ಮುಖ ಸಣ್ಣದಾಯಿತು. ಆಗ ನನಗೆ ತಟ್ಟನೆ ಹೊಳೆಯದ ಉತ್ತರವನ್ನು ಈಗ ಇಲ್ಲಿ ಬರೆಯುತ್ತಿದ್ದೇನೆ.

ನಕಲು ನಿಜ. ಆದರೆ ಯಾವುದರ ನಕಲು? ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆ ಮುಗಿದದ್ದು 1784ರಲ್ಲಿ. ಅದರ ಪಶ್ಚಿಮದ ಗೋಡೆಯ ಮೇಲೆ, 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಸಮೀಪ ಹೈದರ್ ಮತ್ತು ಟೀಪು ಇಂಗ್ಲಿಷರ ಕರ್ನಲ್ ಬೇಲಿಯ ಪಡೆಯನ್ನು ನುಚ್ಚುನೂರು ಮಾಡಿದ ಸಂಗತಿಯನ್ನು ಬರೆಸಲಾಯಿತು. ಆ ಚಿತ್ರ 1799ರ ಮುತ್ತಿಗೆಗೆ ಮುನ್ನವೇ ಕೆಟ್ಟುಹೋಗಿತ್ತು. ಟೀಪುವಿನ ಪತನಾನಂತರ ಆ ಅರಮನೆಯಲ್ಲಿ ವಾಸಿಸಿದ ಕರ್ನಲ್ ವೆಲ್ಲೆಸ್ಲಿ ಅದನ್ನು ಮತ್ತೆ ಬರೆಸಿದ. ತನ್ನವರ ಸೋಲಿನ ಚಿತ್ರವನ್ನು ಗೆದ್ದವನೇ ಬರೆಸಿದನೆಂಬುದು ಸೋಜಿಗವೇ ಸರಿ! ಮುಂದೆ ಅದರ ಮೇಲೆ ಸುಣ್ಣ ಬಿತ್ತು. 1850ರ ದಶಕದಲ್ಲಿ ಲಾರ್ಡ್ ಡಾಲ್‌ಹೌಸಿ ಮೈಸೂರು ಸೀಮೆಗೆ ಬಂದಾಗ, ಹಳೆಯ ಚಿತ್ರವನ್ನು ನೆನಪಿಟ್ಟುಕೊಂಡಿದ್ದ ನಾಡ ಚಿತ್ರಗಾರನೊಬ್ಬನ ಕೈಯಿಂದ ಅದನ್ನು ಪುನಃ ಬರೆಸಿದ. ಆ ಚಿತ್ರಗಾರನ ಹೆಸರನ್ನು ಯಾರೂ ಬರೆದಿಡಲಿಲ್ಲ. ನಾವು ಟಿಕೀಟು ಕೊಂಡು ನೋಡಿ ಬೆರಗಾಗುವ ‘ಮೂಲ’ವೇ ನಕಲಿನ ನಕಲು.

ಕನ್ನಡದ ಮೇಷ್ಟರಾದ ನನಗೆ ಇದರಲ್ಲಿ ಗಾಬರಿಯಾಗುವಂಥದೇನೂ ಕಾಣುವುದಿಲ್ಲ. ಪಂಪನ ಸ್ವಹಸ್ತದ ಒಂದು ಓಲೆಯನ್ನಾದರೂ ಕಂಡವರಿದ್ದಾರೆಯೆ? ನಮ್ಮ ಹಳೆಯ ಕಾವ್ಯವೆಲ್ಲ ಲಿಪಿಕಾರರ ಕೈ ದಾಟಿ ಬಂದದ್ದು. ಅದು ಪ್ರತಿಯೆಂದು ನಾವು ಪಂಪನನ್ನು ಬದಿಗಿಡಲಿಲ್ಲ. ಪ್ರತಿಗಳನ್ನು ಎದುರುಬದುರು ಇಟ್ಟು, ಲಿಪಿಕಾರ ಎಲ್ಲಿ ಎಡವಿದ, ಎಲ್ಲಿ ತನ್ನ ಜಾಣತನ ತುರುಕಿದ ಎಂದು ಹುಡುಕಿದೆವು. ಚಿತ್ರಕ್ಕೂ ಅದೇ ಒರೆಗಲ್ಲು ಸಾಕು. ಪೊಲ್ಲಿಲೂರಿಗೆ ಅಂಥ ಅನುಕೂಲವೂ ಉಂಟು. ಇದೇ ಯುದ್ಧವನ್ನು ಹತ್ತು ಹಾಳೆಗಳ ಮೇಲೆ, ಸುಮಾರು 32 ಅಡಿ ಉದ್ದಕ್ಕೆ ಬರೆದ ಕಾಗದದ ಪ್ರತಿಯೊಂದು 2022ರಲ್ಲಿ ಲಂಡನ್ನಿನ ಸೋದಬೀಸ್ ಹರಾಜಿನಲ್ಲಿ ಆರು ಲಕ್ಷ ಪೌಂಡಿಗೂ ಮಿಕ್ಕಿ ಮಾರಾಟವಾಯಿತು. ಗೋಡೆಯನ್ನು ಅದರೊಡನೆ ಹೋಲಿಸಿ ಓದುವವರು ಬೇಕು.

ಈ ಒರೆಗಲ್ಲಿಗೆ ಮಾವನವರ ಬಟ್ಟೆಯನ್ನು ತಿಕ್ಕಿ ನೋಡಿದೆ. ಮದ್ದಿನ ಬಂಡಿ ಸಿಡಿದು ಇಂಗ್ಲಿಷರ ಚೌಕವ್ಯೂಹ ಒಡೆಯುವ ಭಾಗ ಚೆನ್ನಾಗಿದೆ. ಬೆಂಕಿಯ ಕೆಂಪು ಮಾತ್ರ ತುಸು ಅಂಗಡಿಯ ಕೆಂಪು. ಪಲ್ಲಕ್ಕಿಯಲ್ಲಿ ಕುಳಿತು ಬೆರಳು ಕಚ್ಚುವ ಗಾಯಾಳು ಬೇಲಿ ಇದ್ದಾನೆ, ಬೆರಳೂ ಇದೆ. ಆದರೆ ಚಿತ್ರಗಾರ ಇಂಗ್ಲಿಷ್ ಸಿಪಾಯಿಗಳಿಗೆ ದಪ್ಪ ಮೀಸೆ ಇಟ್ಟುಬಿಟ್ಟಿದ್ದಾನೆ! ಗೋಡೆಯ ಮೇಲೆ ಅವರದು ನುಣ್ಣನೆ ಬೋಳಿಸಿದ ಮುಖ, ಹೆಣ್ಣುಗಣ್ಣು. ಮೈಸೂರಿನವರಿಗೆ ಗಡ್ಡ, ಮೀಸೆ. ಇಡೀ ಚಿತ್ರದ ಕುಚೋದ್ಯ ಅಡಗಿರುವುದೇ ಅಲ್ಲಿ. ಆ ಮೀಸೆ ಅಪಪಾಠ. ಬಟ್ಟೆಯ ಮೇಲೆ ನನಗಿರುವ ದೂರು ಅದೊಂದೇ, ಅದು ನಕಲೆಂಬುದಲ್ಲ.

ಮೂಲವೆಂದರೆ ಕಣ್ಣಾರೆ ಕಂಡು ಬರೆದದ್ದೆಂಬ ನಂಬಿಕೆಯೂ ಪೂರ್ತಿ ನಿಲ್ಲುವುದಿಲ್ಲ. ಟೀಪುವಿನೊಡನೆ 1784ರ ಮಂಗಳೂರು ಒಪ್ಪಂದವಾದಾಗ ಮದರಾಸಿನ ಗವರ್ನರನಾಗಿದ್ದ ಮೆಕಾರ್ಟ್ನಿಯೇ 1793ರಲ್ಲಿ ಚೀನದ ಚಿಯೆನ್‌ಲುಂಗ್ ಚಕ್ರವರ್ತಿಯ ಬಳಿಗೆ ರಾಯಭಾರಿಯಾಗಿ ಹೋದವನು. ಆ ಭೇಟಿಯನ್ನು ಬರೆದ ವಿಲಿಯಂ ಅಲೆಗ್ಸಾಂಡರ್ ತಂಡದ ಜೊತೆಗಿದ್ದರೂ ಭೇಟಿ ನಡೆದ ಜೆಹೋಲಿಗೆ ಹೋಗಲಿಲ್ಲ. ಸಂಗಡಿಗನೊಬ್ಬನ ರೇಖೆಗಳನ್ನು ನೋಡಿ ಬರೆದ. ಗಿಲ್ರೆಯಂತೂ ಹಡಗು ಹೊರಡುವ ಮೊದಲೇ, 1792ರಲ್ಲಿ, ಅದರ ವ್ಯಂಗ್ಯಚಿತ್ರವನ್ನು ಅಚ್ಚು ಹಾಕಿಸಿ ಮಾರಿದ್ದ. ಪರಕೀಯರ ಮೊದಲ ಭೇಟಿಯ ಚಿತ್ರಗಳು ಹೀಗೆ ಹುಟ್ಟುವಾಗಲೇ ಕೈ ಬದಲಾಯಿಸಿ ಬರುವುದುಂಟು.

ನನ್ನ ಸಂಕಟ ಬೇರೆ ಇದೆ. ತಾಂಬಾದಿಂದ ಹಿಂದಿರುಗುವಾಗ ದಾರಿ ಬಿಟ್ಟು ಕುಮಟಗಿಗೆ ಹೋದೆ. ವಿಜಯಪುರದ ಪೂರ್ವಕ್ಕೆ, ಆದಿಲ್‌ಶಾಹಿಗಳ ಕೆರೆಯ ಬಳಿಯ ವಿಹಾರಮಂಟಪಗಳು. ಒಂದರ ಒಳಗೋಡೆಗಳ ಮೇಲೆ ಚೌಗಾನ್ ಆಡುವ ಕುದುರೆ ಸವಾರರು, ಕುಸ್ತಿಯ ಜಟ್ಟಿಗಳು, ಯುರೋಪಿನ ರಾಯಭಾರಿಗಳೆಂದು ಹಳಬರು ಗುರುತಿಸಿದ ಆಕೃತಿಗಳು. ಹೆನ್ರಿ ಕಸಿನ್ಸ್ ವಿಜಾಪುರದ ವಾಸ್ತುವಿನ ಮೇಲಿನ ತನ್ನ 1916ರ ಗ್ರಂಥದಲ್ಲಿ ಈ ಚಿತ್ರಗಳನ್ನು ಕುರಿತು ಬರೆದ. ನನ್ನ ಕಣ್ಣಿಗೆ ಬಿದ್ದದ್ದು ಬಹುಮಟ್ಟಿಗೆ ಕಲೆಗಳು. ಅವುಗಳ ನಡುವೆ ಒಂದು ಕುದುರೆಯ ಕಾಲು, ಒಂದು ಟೊಪ್ಪಿಗೆಯ ಅಂಚು. ಕೆಲವು ಕಡೆ ಪ್ರೇಮಿಗಳ ಹೆಸರು. ಪೊಲ್ಲಿಲೂರನ್ನು ನೆನಪಿನಿಂದ ಬರೆದವನಂಥ ಚಿತ್ರಗಾರ ಕುಮಟಗಿಗೆ ಸಿಗಲಿಲ್ಲ.

ಗೋಡೆಗೆ ಹೊಸ ಬಣ್ಣ ಹಚ್ಚಿರೆಂದು ನಾನು ಹೇಳುತ್ತಿಲ್ಲ, ಅದು ಅಪರಾಧವಾದೀತು. ಅಜಂತಾದಲ್ಲಿ 1909ರಿಂದ 1911ರವರೆಗೆ ಲೇಡಿ ಹೆರಿಂಗ್‌ಹ್ಯಾಮ್ ಗೋಡೆ ಮುಟ್ಟದೆ ಪ್ರತಿಗಳನ್ನು ತೆಗೆಸಿದಳು. ಆ ಕೆಲಸ ಮಾಡಿದ ತರುಣರಲ್ಲಿ ನಂದಲಾಲ ಬೋಸರ ಸಂಗಡ ನಮ್ಮ ಕೆ. ವೆಂಕಟಪ್ಪನವರೂ ಇದ್ದರು. ಕುಮಟಗಿಯಲ್ಲಿ ಅಷ್ಟು ದೊಡ್ಡ ಕೆಲಸವೇನಿಲ್ಲ. ಚಿತ್ರಕಲೆ ಕಲಿತ ನಾಲ್ಕು ಜನ, ಕಸಿನ್ಸನ ಪುಸ್ತಕ, ಪುರಾತತ್ವ ಇಲಾಖೆಯ ಅನುಮತಿ, ಒಂದು ಚಳಿಗಾಲ. ಉಳಿದ ಗೆರೆಯನ್ನು ಗಟ್ಟಿ ಗೆರೆಯಲ್ಲಿ, ಊಹೆಯನ್ನು ಚುಕ್ಕೆಗೆರೆಯಲ್ಲಿ ಬರೆಯಲಿ. ಆಗ ಲಿಪಿಕಾರನ ತಪ್ಪು ಎಲ್ಲಿದೆಯೆಂದು ಮುಂದಿನವರು ಹುಡುಕಿಕೊಳ್ಳಬಹುದು. ಪ್ರತಿ ಸಿದ್ಧವಾದರೆ ಒಂದನ್ನು ಕುಮಟಗಿಯ ಶಾಲೆಯಲ್ಲಿ ತೂಗುಹಾಕಲಿ. ತಾಂಬಾದ ಪಡಸಾಲೆಯಲ್ಲೂ ಇನ್ನೊಂದಕ್ಕೆ ಜಾಗವಿದೆ. ಮಾವನವರನ್ನು ನಾನು ಕೇಳಿದ್ದೇನೆ.